ಮಣ್ಯಾರ ಬಂದ ಸಂಜೆ

ತಪ್ಪು ನನ್ನ ಕಿವಿಯದೋ, ಮರಾಠಿಯದೋ, ಆ ಸುಡುಗಾಡು ಭೋಂಗಾದ್ದೋ, ಇವತ್ತಿಗೂ ತೀರ್ಮಾನವಾಗಿಲ್ಲ. ನಾನಂತೂ ಭೋಂಗಾದ ಮೇಲೆಯೇ ಹಾಕುತ್ತೇನೆ. ವಿಕ್ರೋಳಿಯ ಕಾರ್ಖಾನೆಯಲ್ಲಿ ಸಂಜೆ ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೈರನ್ನಿಗೆ ನಮ್ಮ ಮಂದಿ ಭೋಂಗಾ ಅನ್ನುತ್ತಿದ್ದರು. ಅದು ಶುರುವಾಯಿತೆಂದರೆ ಎದುರಿಗೆ ನಿಂತವರ ಮಾತು ಕೂಡ ಕೇಳುತ್ತಿರಲಿಲ್ಲ. ಆವತ್ತು ದೀಪ ಹಚ್ಚುವ ಹೊತ್ತಿಗೆ ಪಕ್ಕದ ಖೋಲಿಯಲ್ಲಿದ್ದ, ನಾವೆಲ್ಲ ಮಾವಶಿ ಎಂದು ಕರೆಯುತ್ತಿದ್ದ ಮರಾಠಿ ಹೆಂಗಸು ಹೊರಗಿನಿಂದ ಗಂಟಲು ಹರಿಯುವಂತೆ ಕೂಗಿದಳು, “ಮಣ್ಯಾರ್! ಮಣ್ಯಾರ್! ಬಾಹೇರ್...” ಅಷ್ಟರಲ್ಲಿ ಭೋಂಗಾ ಎದ್ದಿತು. ಮುಂದೆ ಅವಳು ಹೇಳಿದ್ದೆಲ್ಲ ಅದರ ಹೊಟ್ಟೆಗೆ ಹೋಯಿತು.

ನನಗಾಗ ಹತ್ತೊಂಬತ್ತು. ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನ ಮಾತು. ವಿಜಾಪುರದ ಕಡೆಯ ಒಂದು ಹಳ್ಳಿಯಿಂದ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಆಗಲೇ ಏಳು ತಿಂಗಳ ಬಸುರಿ. ಮನೆಯಲ್ಲಿ ನಾವು ಮೂವರು. ನಾನು, ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ನಮ್ಮನೆಯವರು, ಮತ್ತು ನಮ್ಮತ್ತೆ. ಬಸುರಿಗೆ ಸೀಮಂತದ ಕುಬಸ ಮಾಡಬೇಕು, ಹಸಿರು ಬಳೆ ಇಡಿಸಬೇಕು. ಮಳೆಗಾಲದಲ್ಲಿ ಊರಿಗೆ ಕಳಿಸುವ ಹಾಗಿರಲಿಲ್ಲ, ಹಾಗಾಗಿ ಇಲ್ಲೇ ಮಾಡುತ್ತೇನೆಂದು ಅತ್ತೆ ಪಟ್ಟು ಹಿಡಿದಿದ್ದರು. ವಾರದಿಂದ ಒಂದೇ ಮಾತು: “ಮಣಿಯಾರ ಬಂದ್ರ ಒದರು ಮತ್ತ. ಬಾಯಾಗ ಕಡಬು ಇಟಕೊಂಡು ಕುಂದರಬ್ಯಾಡ.”

ನಮ್ಮೂರಲ್ಲಿ ಬಳೆ ಇಡಿಸುವವನು ಮಣಿಯಾರ. ಬಳೆಗಾರ ಅನ್ನುವವರೂ ಇರಬಹುದು, ನಮ್ಮ ಓಣಿಯಲ್ಲಿ ಅನ್ನುತ್ತಿರಲಿಲ್ಲ. ಕತ್ತೆಯ ಮೇಲೆ ಬಳೆಯ ಮಲಾರ ಹೇರಿಕೊಂಡು ಅವನು ಬಂದನೆಂದರೆ ಹೆಂಗಸರೆಲ್ಲ “ಮಣಿಯಾರ ಬಂದ” ಎಂದು ಒಬ್ಬರನ್ನೊಬ್ಬರು ಕರೆಯುತ್ತಿದ್ದೆವು. ಇನ್ನು ಮರಾಠಿ ನನಗೆ ಎಷ್ಟು ಬರುತ್ತಿತ್ತು? ಪಾಣಿ ಆಲಂ ಅಂದರೆ ನೀರು ಬಂತು. ಆತ್ ಅಂದರೆ ಒಳಗೆ, ಬಾಹೇರ್ ಅಂದರೆ ಹೊರಗೆ. ಅಷ್ಟೇ. ಆ ಕೂಗಿನಲ್ಲಿ ನನಗೆ ತಿಳಿದದ್ದು ಎರಡು ಶಬ್ದ, ಎರಡೂ ನನ್ನನ್ನು ಹೊರಗೆ ಕರೆಯುವಂಥವೇ.

ಬಳೆ ಸಲೀಸಾಗಿ ಇಳಿಯಲೆಂದು ಕೈಗೆ ಸಾಬೂನು ಹಚ್ಚಿಕೊಂಡೆ ನೋಡಿ, ಹುಚ್ಚಿ ನಾನು! ನೊರೆ ಹತ್ತಿದ ಎರಡೂ ಕೈ ಮುಂದೆ ಚಾಚಿಕೊಂಡು ಬರಿಗಾಲಲ್ಲಿ ಬಾಗಿಲಿಗೆ ಬಂದೆ. ನಾಲ್ಕು ಮಾರು ದೂರದಲ್ಲಿ ಮಾವಶಿ ಕೋಲು ಹಿಡಿದು ನಿಂತಿದ್ದಳು. ಅವಳ ಬಾಯಿ ತೆರೆದು ಮುಚ್ಚುತ್ತಿತ್ತು, ದನಿ ಇಲ್ಲ. ಭೋಂಗಾ ಮಾತ್ರ. ನಾನು ನಕ್ಕು ಅವಳಿಗೆ ನನ್ನ ಕೈ ತೋರಿಸಿದೆ. ಅವಳು ಕೋಲಿನಿಂದ ನನ್ನ ಕಾಲಿನ ಕಡೆ ತೋರಿಸಿದಳು. ಕೆಳಗೆ ನೋಡಿದೆ.

ಎಡಗಾಲಿನ ಹೆಬ್ಬೆರಳಿನಿಂದ ಒಂದು ಗೇಣು ದೂರ. ಕಪ್ಪು ಅಂದರೆ ಕಪ್ಪು, ಎಣ್ಣೆ ಹಚ್ಚಿ ಬಾಚಿದ ಜಡೆಯ ಹಾಗೆ ಮಿರಿಮಿರಿ. ಮಗ್ಗುಲಾದರೆ ನೀಲಿ ಹೊಳೆಯುತ್ತಿತ್ತು. ಮೈಮೇಲೆ ಅಡ್ಡಡ್ಡ ಸಣ್ಣ ಬಿಳಿ ಗೆರೆ, ಸುಣ್ಣದ ಕಡ್ಡಿಯಿಂದ ಎಳೆದಂಥವು, ಎರಡೆರಡು ಜೋಡಿಯಾಗಿ. ಬಾಲದ ಕಡೆ ಒತ್ತೊತ್ತಾಗಿದ್ದವು, ಕುತ್ತಿಗೆಯ ಕಡೆ ಬರಬರುತ್ತ ಮಾಯವಾಗಿದ್ದವು. ತಲೆ ಯಾವುದು ಕುತ್ತಿಗೆ ಯಾವುದು ಎಂದು ಬೇರೆ ತಿಳಿಯುವಂತಿರಲಿಲ್ಲ, ಎಲ್ಲ ಒಂದೇ ದಪ್ಪ. ಹೆಡೆ ಇಲ್ಲ, ಬುಸುಗುಡುವುದಿಲ್ಲ. ಉದ್ದ ಎರಡು ಮೊಳದ ಮೇಲೆಯೇ ಇತ್ತು. ಏನೂ ಅವಸರವಿಲ್ಲದೆ, ತನ್ನ ಮನೆಗೆ ತಾನು ಬಂದಂತೆ, ನನ್ನ ಕಾಲ ಪಕ್ಕದಿಂದ ಹೊಸ್ತಿಲು ಹತ್ತಿ ಒಳಗೆ ಹೋಯಿತು. ನಾನು ಕೈ ಚಾಚಿಕೊಂಡು ನಿಂತವಳು ನಿಂತೇ ಇದ್ದೆ. ಭೋಂಗಾ ನಿಂತಿತು, ಮಾವಶಿಯ ದನಿ ಕೇಳಿಸಿತು: “ಯೇವೂ ನಕೋ ಗ ಬಾಯೀ, ಯೇವೂ ನಕೋ!” ಬರಬೇಡ, ಹೊರಗೆ ಬರಬೇಡ ಅನ್ನುತ್ತಿದ್ದಳು.

ಅತ್ತೆ ನಲ್ಲಿಯಿಂದ ಕೊಡ ಹೊತ್ತು ಬಂದರು. “ಯಾಕ ಕಂಬ ಆಗಿ ನಿಂತೀ?” ಎಂದರು. ನಾನು ಹೇಳಲಾರದೆ ಹೇಳಿದೆ. ಹೇಗಿತ್ತು, ಯಾವ ಬಣ್ಣ, ಗೆರೆ ಎಲ್ಲಿದ್ದವು, ಒಂದೊಂದೇ ಕೇಳಿಸಿಕೊಂಡರು. ಕೊಡ ಇಳಿಸಿ ಅಲ್ಲೇ ಕೆಸರಲ್ಲೇ ಕುಳಿತುಬಿಟ್ಟರು. “ಶಿವಶಿವಾ. ಕಟ್ಟಹಾವು,” ಎಂದರು. ನಾನು ಆಕೆ ಹೆದರಿದ್ದನ್ನು ನೋಡಿದ್ದು ಅದೇ ಮೊದಲು.

ಮಾವಶಿಯ ಮರಾಠಿಯಲ್ಲಿ ಅದೇ ಹಾವಿನ ಹೆಸರು ಮಣ್ಯಾರ. ಹೈವೇ ಹತ್ತಿರ ಕ್ಯಾಂಟೀನು ನಡೆಸುತ್ತಿದ್ದ ಉಡುಪಿ ಕಡೆಯ ಅಣ್ಣ ಮಾರನೆಯ ದಿನ ಸುದ್ದಿ ಕೇಳಿ, “ನಮ್ಮಲ್ಲಿ ಕಡಂಬಳ ಅಂತ ಹೇಳುದು ಮಾರಾಯ್ರೆ, ಅದರ ಹೆಸರು ರಾತ್ರಿ ಎತ್ಲಿಕ್ಕಿಲ್ಲ,” ಎಂದರು. ಹೆಸರು ಯಾವುದಾದರೇನು, ಅದು ನಮ್ಮ ಖೋಲಿಯೊಳಗಿತ್ತು.

ನಾವಿದ್ದ ಜಾಗದ ಬಗ್ಗೆ ಹೇಳದಿದ್ದರೆ ಈ ಹೆದರಿಕೆ ತಿಳಿಯುವುದಿಲ್ಲ. ಈಗ ವಿಕ್ರೋಳಿ ಅಂದರೆ ಬಿಲ್ಡಿಂಗು, ಆಫೀಸು. ನಾವಿದ್ದದ್ದು ಹೈವೇ ದಾಟಿ ಖಾಡಿಯ ಕಡೆ, ಸಮುದ್ರದ ನೀರು ಒಳಗೆ ಚಾಚಿಕೊಂಡ ಕಡೆ. ಅಲ್ಲಿ ಉಪ್ಪಿನ ಗದ್ದೆಗಳು, ಆಚೆಗೆ ಬರೀ ಕೆಸರು, ಕೆಸರಲ್ಲಿ ಉಪ್ಪುನೀರಿನ ಗಿಡಗಂಟಿ, ನಡುವೆ ಒಂದು ದಿಬ್ಬ. ಮಾವಶಿ ಅದಕ್ಕೆ ಬೇಟ್ ಅನ್ನುತ್ತಿದ್ದಳು, ಅಂದರೆ ನಡುಗಡ್ಡೆ. ಅವಳು ಮದುವೆಯಾಗಿ ಬಂದಾಗ ಅಲ್ಲಿಗೆ ದೋಣಿಯಲ್ಲೇ ಹೋಗಬೇಕಿತ್ತಂತೆ. ಆಮೇಲೆ ಎಲ್ಲೆಲ್ಲಿಯದೋ ಕೆಡವಿದ ಗೋಡೆಯ ಕಲ್ಲು, ಇಟ್ಟಂಗಿ ಚೂರು, ಕಾರ್ಖಾನೆಯ ಬೂದಿ ತಂದು ಸುರಿದು ಒಂದು ದಾರಿ ಮಾಡಿದರು, ದಿಬ್ಬದ ಮೇಲೂ ಸುರಿದರು. ಅದರ ಮೇಲೆ ಸಾಲಾಗಿ ತಗಡಿನ ಖೋಲಿಗಳು. ಅಮಾಸಿ ಹುಣ್ಣಿಮೆಗೆ ಸಮುದ್ರ ಉಕ್ಕುವ ದೊಡ್ಡ ಭರತಿಗೆ ಮಳೆಯೂ ಸೇರಿದರೆ ದಾರಿ ಮುಳುಗಿ ಅದು ಮತ್ತೆ ನಡುಗಡ್ಡೆಯೇ ಆಗುತ್ತಿತ್ತು.

ಸುರಿದ ಕಲ್ಲಿನ ಸಂದು ತುಂಬಿಸಿದವರು ಯಾರು? ನೆಲದ ಕೆಳಗೆಲ್ಲ ಪೊಳ್ಳು. ಅಲ್ಲಿ ಇಲಿ, ಕಪ್ಪೆ, ಹಾವುರಾಣಿ, ಹಾವಿಗೆ ಬೇಕಾದ ಊಟವೆಲ್ಲ. ಸುತ್ತ ನೀರು ಏರಿದ ಹಾಗೆ ಅವೂ ನಮ್ಮ ಹಾಗೆಯೇ ಮೇಲೆ ಮೇಲೆ ಬರುತ್ತಿದ್ದವು, ಹೋಗಲು ಬೇರೆ ಜಾಗ ಎಲ್ಲಿತ್ತು? ಹಗಲೆಲ್ಲ ಈ ಹಾವು ಕಲ್ಲಿನ ಸಂದಿಯಲ್ಲಿ ಬಿದ್ದಿರುವುದು, ಕತ್ತಲಾದ ಮೇಲೆ ಏಳುವುದು. ನಾವು ಮಲಗುವ ಹೊತ್ತು ಅದಕ್ಕೆ ಬೆಳಗು.

ಆ ರಾತ್ರಿ ಸುದ್ದಿ ಮುಟ್ಟಿ ನಮ್ಮನೆಯವರು ಪಾಳಿ ಬಿಟ್ಟು ಬಂದರು. ಅಕ್ಕಪಕ್ಕದವರು ಸೇರಿ ಖೋಲಿಯ ಸಾಮಾನೆಲ್ಲ ಮಳೆಯಲ್ಲೇ ಹೊರಗಿಟ್ಟರು. ಟ್ರಂಕು, ಹಿಟ್ಟಿನ ಡಬ್ಬಿ, ಸ್ಟೋ, ಕೌದಿ, ಹೊರಸು, ಎಲ್ಲ. ಕಂದೀಲು ಹಿಡಿದು ಮೂಲೆ ಮೂಲೆ ನೋಡಿದರು. ಹಾವಿಲ್ಲ. ಒಲೆಯ ಮೂಲೆಯಲ್ಲಿ ನೆಲ ಬಿರಿದು ಎರಡು ಬೆರಳು ತೂರುವಷ್ಟು ಒಂದು ತೂತು ಇತ್ತು, ಅಷ್ಟೇ. ಅದಕ್ಕೆ ಗಾಜಿನ ಚೂರು ತುಂಬಿ ಸಿಮೆಂಟು ಮೆತ್ತಿದರು. “ಹೋಗೈತಿ ಬಿಡು, ಕೆಳಗ ಇಳದು ಹೋಗೈತಿ,” ಎಂದರು ನಮ್ಮನೆಯವರು. ಹೋಗಿದ್ದರೆ ಸರಿ. ಹೋಗದೆ ಒಳಗೇ ಉಳಿದಿದ್ದರೆ? ತೂತು ಮುಚ್ಚಿ ಅದನ್ನು ಒಳಗೇ ಇಟ್ಟುಕೊಂಡ ಹಾಗಾಗಲಿಲ್ಲವೇ? ಈ ಮಾತು ನನ್ನ ತಲೆಗೆ ಹೊಕ್ಕದ್ದು ಹೊರಗೆ ಹೋಗಲಿಲ್ಲ.

ಮೇಲಾಗಿ ಮಾವಶಿಯ ಕತೆಗಳು. ಹಿಂದಿ, ಮರಾಠಿ, ಕೈಸನ್ನೆ ಎಲ್ಲ ಸೇರಿಸಿ ಹೇಳುತ್ತಿದ್ದಳು. ಮಣ್ಯಾರ ಕಚ್ಚಿದ್ದು ಗೊತ್ತಾಗುವುದೇ ಇಲ್ಲ, ಇರುವೆ ಕಡಿದಷ್ಟೂ ನೋವಿಲ್ಲ. ಮಳೆಯ ಚಳಿಗೆ ನೆಲದಲ್ಲಿ ಮಲಗಿದವರ ಹಾಸಿಗೆಗೆ ಬರುತ್ತದೆ, ಮಗ್ಗುಲಾದಾಗ ಕಚ್ಚುತ್ತದೆ. ಮಲಗಿದವರು ಏಳುವುದಿಲ್ಲ. ಎದ್ದರೂ ಹೊಟ್ಟೆನೋವು ಅನ್ನುತ್ತಾರೆ, ರೆಪ್ಪೆ ಇಳಿಯುತ್ತದೆ, ಗಂಟಲು ಕಟ್ಟುತ್ತದೆ, ಉಸಿರು ನಿಲ್ಲುತ್ತದೆ. ಪುಣ್ಯಾತ್ಗಿತ್ತಿ, ಬಸುರಿಯ ಮುಂದೆ ಹೇಳುವ ಮಾತೇ ಅದು? ಅವಳ ಬಾಯಿ ಮುಚ್ಚಿಸಲು ನನಗೆ ಮರಾಠಿ ಬರುತ್ತಿರಲಿಲ್ಲ.

ನಮ್ಮಲ್ಲಿದ್ದದ್ದು ಒಂದೇ ಹೊರಸು, ಹಗ್ಗ ಹೆಣೆದದ್ದು, ನಡುವೆ ಜೋತುಬಿದ್ದದ್ದು. ನಮ್ಮನೆಯವರು ಹಗಲು ಮಲಗುತ್ತಿದ್ದರು, ರಾತ್ರಿ ಅದರ ಮೇಲೆ ನಾನು. ಅತ್ತೆ ಯಾವತ್ತೂ ನೆಲದ ಮೇಲೆ ಕೌದಿ ಹಾಸಿಕೊಂಡೇ ಮಲಗುವವರು. ಈಗ ನಾನು ಬಿಡಲಿಲ್ಲ. “ನೀವು ನೆಲದ ಮ್ಯಾಲ ಮಲಗಿದ್ರ ನಾ ರಾತ್ರಿಯೆಲ್ಲ ಕುಂತಿರತೀನಿ,” ಎಂದು ಹಟ ಹಿಡಿದೆ. ಬೈದರು, ಗೊಣಗಿದರು, ಕೊನೆಗೆ ಹೊರಸು ಹತ್ತಿದರು. ನನ್ನ ತಲೆಯ ಕಡೆ ಅವರ ಕಾಲು, ಅವರ ತಲೆಯ ಕಡೆ ನನ್ನ ಕಾಲು. ಇಬ್ಬರೂ ನಡುವಿನ ಗುಂಡಿಗೆ ಜಾರುತ್ತಿದ್ದೆವು. ನನ್ನ ಹೊಟ್ಟೆಗೆ ಜಾಗವಿಲ್ಲ, ಅವರ ಸೊಂಟಕ್ಕೆ ಜಾಗವಿಲ್ಲ.

ನಿದ್ದೆಯಂತೂ ದೂರವೇ ಉಳಿಯಿತು. ತಗಡಿನ ಮೇಲೆ ಹನಿ ಬಿದ್ದರೂ ಎದೆ ಧಸಕ್ ಎನ್ನುತ್ತಿತ್ತು. ಇಲಿ ಓಡಿದರೆ ಸರಿ, ಇಲಿ ಓಡದೆ ಸುಮ್ಮನಾದರೆ ಇನ್ನೂ ಭಯ. ಅತ್ತೆಯ ಗೊರಕೆ ನಿಂತಿತೆಂದರೆ ಅವರ ಕಾಲು ಹಿಡಿದು ಅಲುಗಾಡಿಸುತ್ತಿದ್ದೆ. “ಅತ್ತೀ, ಅತ್ತೀ.” “ಸತ್ತಿಲ್ಲ, ಮಲಕೋ,” ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ನೀರಡಿಸಿದರೆ ಕೆಳಗಿಳಿಯುತ್ತಿರಲಿಲ್ಲ. ಒಂದಕ್ಕೆ ಬಂದರೂ ಬೆಳಗಾಗುವವರೆಗೆ ತಡೆದುಕೊಳ್ಳುತ್ತಿದ್ದೆ. ಕೂಸು ಒಳಗೆ ಒದ್ದರೂ ಮೊದಲು ಹೊಟ್ಟೆಯ ಮೇಲೆ ಏನೋ ಹರಿಯಿತೆಂದೇ ಬೆಚ್ಚುತ್ತಿದ್ದೆ.

ಹೀಗೆ ಹತ್ತು ಹನ್ನೊಂದು ರಾತ್ರಿ ಕಳೆದವು. ಕಾಲು ಬಾತು ಚಪ್ಪಲಿ ಹತ್ತದಂತಾಯಿತು. ಡಿಸ್ಪೆನ್ಸರಿಗೆ ಹೋದಾಗ ನರ್ಸಬಾಯಿ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಕಾಲು ಒತ್ತಿ ನೋಡಿ, ರಕ್ತದ ಒತ್ತಡ ನೋಡಿ ಸಿಟ್ಟಾದಳು. ನನಗಲ್ಲ, ಅತ್ತೆಗೆ ಬೈದಳು. ಈ ಹುಡುಗಿ ಹೀಗೇ ನಿದ್ದೆ ಬಿಟ್ಟರೆ ಕೂಸಿಗೂ ತಾಯಿಗೂ ಇಬ್ಬರಿಗೂ ಅಪಾಯ, ನೀವು ದೊಡ್ಡವರಾಗಿ ಏನು ನೋಡುತ್ತೀರಿ ಎಂದಳು. ಯಾರಿಂದಲೂ ಒಂದು ಮಾತು ಕೇಳಿಸಿಕೊಳ್ಳದ ನಮ್ಮತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ದಾರಿಯುದ್ದಕ್ಕೂ ಒಂದೂ ಮಾತಾಡಲಿಲ್ಲ, ನನಗೆ ಅದೇ ಒಂದು ಹೊಸ ಹೆದರಿಕೆಯಾಯಿತು.

ಅವತ್ತೇ ಸಂಜೆ ಗೋಡೆಯ ಮೇಲೆ, ಮಾಡಿನ ಹತ್ತಿರ, ಹಿಟ್ಟಿನ ಡಬ್ಬಿಯ ಹಲಗೆಯ ಹಿಂದಿನಿಂದ ಒಂದು ಹಾವು ತಲೆ ಹಾಕಿತು. ನಾನು ಚೀರಿದ್ದಕ್ಕೆ ಇಡೀ ದಿಬ್ಬ ಓಡಿಬಂತು. ನಮ್ಮನೆಯವರು ಪಾಳಿಗೆ ಹೊರಟವರು ತಿರುಗಿ ಬಂದು, ಕೋಲಿನಿಂದ ಎಳೆದು ಕೆಡವಿ, ಎರಡೇ ಏಟಿಗೆ ಮುಗಿಸಿದರು. ಸಲಿಕೆಯ ಮೇಲೆ ಹಾಕಿಕೊಂಡು ನನ್ನ ಮುಂದೆ ಹಿಡಿದರು. “ಹತ್ತರದಿಂದ ನೋಡಿದಾಕಿ ನೀ ಒಬ್ಬಾಕಿ. ಇದೇ ಹೌದಲ್ಲ?” ಎಂದು ಕೇಳಿದರು.

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಹಾವನ್ನು ನೋಡಿದೆ. ಅದು ಕಪ್ಪಗಿರಲಿಲ್ಲ, ಚಹಾಪುಡಿಯ ಬಣ್ಣ. ಪಟ್ಟಿಗಳೇನೋ ಇದ್ದವು, ಆದರೆ ಕುತ್ತಿಗೆಯಿಂದಲೇ ಶುರುವಾಗಿ ಅಗಲಗಲವಾಗಿದ್ದವು, ಹಳದಿ ಕಡೆಗೆ ತಿರುಗಿದ ಬಿಳುಪು, ಬಾಲದ ಕಡೆಗೆ ಹೋಗಹೋಗುತ್ತ ಅಳಿಸಿಹೋಗಿದ್ದವು. ಜೋಡಿ ಗೆರೆಗಳಿಲ್ಲ. ತಲೆ ಚಪ್ಪಟೆ. ಮೈ ನನ್ನ ಕಿರುಬೆರಳಿನಷ್ಟು. ಈಗ ಗೊತ್ತು, ಅದು ವಿಷವಿಲ್ಲದ್ದು, ಹಲ್ಲಿ ಹಿಡಿಯಲು ಗೋಡೆ ಹತ್ತುವಂಥದ್ದು, ನೋಡುವವರ ಕಣ್ಣಿಗೆ ಕಟ್ಟಹಾವಿನ ಹಾಗೆ ಕಂಡು ಸುಮ್ಮನೆ ಏಟು ತಿನ್ನುವಂಥದ್ದು. ಆಗ ಅದೆಲ್ಲ ಗೊತ್ತಿರಲಿಲ್ಲ. ಆದರೆ ಅದಲ್ಲ, ನಾನು ನೋಡಿದ್ದು ಇದಲ್ಲ, ಅಷ್ಟು ಮಾತ್ರ ಚೆನ್ನಾಗಿ ಗೊತ್ತಿತ್ತು.

“ಹೌದು,” ಎಂದೆ.

ಯಾಕೆ ಅಂದೆ ಅಂತ ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ, ನನಗೇನು ಮುಚ್ಚುಮರೆ? ಹೆದರಿ ಹೆದರಿ ನನಗೆ ಸಾಕಾಗಿತ್ತು. ಹೌದು ಅಂದರೆ ಅದು ಸತ್ತಂತೆ, ಅಲ್ಲ ಅಂದರೆ ಅದು ಇನ್ನೂ ಒಳಗಿದ್ದಂತೆ. ನನಗೆ ಅದು ಸಾಯಬೇಕಿತ್ತು. ಆ ಎರಡಕ್ಷರ ಅಂದ ಕೂಡಲೇ ನಾನೇ ಅದನ್ನು ನಂಬಿಬಿಟ್ಟೆ, ಅಥವಾ ನಂಬಿದ ಹಾಗೆ ಮಾಡಿದೆ. ಜನ ಹೋ ಎಂದರು. ನಮ್ಮನೆಯವರು ಅದನ್ನು ಖಾಡಿಗೆ ಎಸೆಯಲು ಹೊರಟರು.

“ತಡಿ,” ಎಂದು ಅತ್ತೆ ಅವರನ್ನು ನಿಲ್ಲಿಸಿದರು. ಸಲಿಕೆಯ ಮೇಲೆ ಬಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಖರೇನ?” ಎಂದು ಕೇಳಿದರು.

“ಹೂಂ. ಇದೇ ರೀ.”

ನನ್ನ ಮುಖ ನೋಡಿದರು, ಬಾತ ಕಾಲು ನೋಡಿದರು. “ಆತು ಬಿಡು. ಹಾಳಾಗಿ ಹೋತು,” ಎಂದರು.

ರಾತ್ರಿ ಕೌದಿ ಕೊಡವಿ ಹೊರಸಿನ ಪಕ್ಕದಲ್ಲಿ ನೆಲದ ಮೇಲೆ ಹಾಸಿಕೊಂಡರು. “ಇವತ್ತೊಂದ ದಿನ ಮ್ಯಾಲ ಮಲಗ್ರಿ,” ಎಂದೆ. “ಹಾವು ಸತ್ತೈತಿ, ಇನ್ನೇನು? ನಿನ್ನ ಒದಿಕಿ ತಿಂದು ತಿಂದು ನನ್ನ ಮಾರಿ ಬಾತೈತಿ,” ಎಂದು ಗದರಿಸಿ ಕಂದೀಲು ಸಣ್ಣ ಮಾಡಿದರು. ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಹೊರಸಿನ ಮೇಲೆ ಕೈಕಾಲು ಚಾಚಿದ್ದೇ ಚಾಚಿದ್ದು, ಹೆಣದಂತೆ ಮಲಗಿದೆ. ಅಂಥ ನಿದ್ದೆ ನಾನು ಹಿಂದೆಂದೂ ಮಾಡಿರಲಿಲ್ಲ, ಮುಂದೆಯೂ ಮಾಡಿಲ್ಲ.

ಎಚ್ಚರವಾದಾಗ ಬೆಳಕಾಗಿತ್ತು. ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಕೋಳಿಗಿಂತ ಮುಂಚೆ ಏಳುವ ಅತ್ತೆ ಇನ್ನೂ ಮಲಗಿದ್ದರು. “ಅತ್ತೀ,” ಎಂದೆ. “ಹೊಟ್ಟಿ ಹಿಡದೈತಿ ಯವ್ವಾ,” ಎಂದರು. ದನಿ ಮೂಗಿನಿಂದ ಬರುತ್ತಿತ್ತು. ಎಬ್ಬಿಸಿ ಕೂಡಿಸಿ ನೀರು ಕೊಟ್ಟೆ, ನೀರು ಗಂಟಲಲ್ಲಿ ಇಳಿಯದೆ ಮೂಗಿನಿಂದ ಹೊರಗೆ ಬಂತು. ರೆಪ್ಪೆ ಅರ್ಧ ಇಳಿದಿದ್ದವು.

“ಅತ್ತೀ, ಕಣ್ಣ ತೆರೀರಿ.”

“ತೆರದೀನಲ್ಲ.”

ಮಾವಶಿಯನ್ನು ಕೂಗಿದೆ. ಅವಳು ಬಂದು ನೋಡಿದವಳೇ ಅತ್ತೆಯನ್ನು ಬಾಗಿಲ ಕಡೆ ಎಳೆದು, ಕೋಲಿನಿಂದ ಕೌದಿಯ ಅಂಚು ಎತ್ತಿದಳು. ಕೌದಿಯ ಕೆಳಗೆ ಬೆಚ್ಚಗೆ ಸುತ್ತಿಕೊಂಡು ಬಿದ್ದಿತ್ತು. ಕಪ್ಪು, ಮಿರಿಮಿರಿ, ಜೋಡಿ ಜೋಡಿ ಬಿಳಿ ಗೆರೆ. ಬೆಳಕು ಬಿದ್ದ ಕೂಡಲೇ ಓಡಲಿಲ್ಲ, ಮೇಲೆ ಬರಲಿಲ್ಲ. ನಾಚಿಕೆಯವರ ಹಾಗೆ ತಲೆಯನ್ನು ತನ್ನ ಸುರುಳಿಯೊಳಗೆ ತೂರಿಸಿಕೊಂಡಿತು. ಹಗಲು ಅದು ಅಷ್ಟು ಪಾಪದ್ದು. ಮಾವಶಿ ಅದರ ಮೇಲೆ ಪಾತೇಲಿ ಬೋರಲು ಹಾಕಿ, ಮೇಲೆ ಒಳಕಲ್ಲಿನ ಗುಂಡು ಇಟ್ಟಳು. ಅತ್ತೆಯ ಮೊಣಕೈ ಹತ್ತಿರ ಎರಡು ಚುಕ್ಕೆ ಇದ್ದವು. ಸೊಳ್ಳೆ ಕಡಿದದ್ದೂ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೊರಗೆ ನೋಡಿದರೆ ದಾರಿಯೇ ಇಲ್ಲ. ಅಮಾಸಿಯ ಭರತಿ. ದಿಬ್ಬದ ಸುತ್ತ ಮಣ್ಣಿನ ಬಣ್ಣದ ನೀರು. ನೆರೆಯ ನಾಲ್ವರು ನಮ್ಮ ಖೋಲಿಯ ಬಾಗಿಲನ್ನೇ ಕಿತ್ತು, ಅದರ ಮೇಲೆ ಅತ್ತೆಯನ್ನು ಮಲಗಿಸಿ ಹೆಗಲಿಗೇರಿಸಿದರು. ಮಾವಶಿ ಮುಂದೆ. ಆ ದಾರಿ ನೀರೊಳಗೆ ಎಲ್ಲಿ ತಿರುಗುತ್ತದೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಕೋಲು ಊರಿ ಊರಿ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ನನ್ನನ್ನು ಬರಬೇಡ ಅಂದರು, ಯಾರ ಮಾತು ಕೇಳಲಿ? ಸೊಂಟದ ಮಟ ನೀರಲ್ಲಿ ಹೊಟ್ಟೆ ಹಿಡಿದುಕೊಂಡು ಹಿಂದೆ ಹೋದೆ. ನೀರಲ್ಲಿ ತೇಲಿ ಬಂದ ಹುಲ್ಲು ಕಾಲಿಗೆ ಸುತ್ತಿದರೂ ನಿಲ್ಲಲಿಲ್ಲ. ಅತ್ತೆಯ ಕೈ ಹಲಗೆಯಿಂದ ಜೋತುಬಿದ್ದಿತ್ತು. ಹಿಡಿದು ಒತ್ತಿದೆ, ತಿರುಗಿ ಒತ್ತಲಿಲ್ಲ. ದಾರಿಯುದ್ದಕ್ಕೂ ನಾನು ಕೂಗುತ್ತಿದ್ದದ್ದು ಒಂದೇ, “ಅತ್ತೀ, ಬೈರಿ ನನಗ, ಒಂದ್ ಮಾತು ಬೈರಿ.”

ಹೈವೇಯಲ್ಲಿ ಒಂದು ಲಾರಿ ನಿಂತಿತು. ಆಸ್ಪತ್ರೆ ಮುಟ್ಟುವಾಗ ಅತ್ತೆಯ ಉಸಿರು ಬಾಯಿಯ ತುದಿಯಲ್ಲಿತ್ತು. ಗಂಟಲಿಗೆ ನಳಿಗೆ ಇಳಿಸಿದರು, ಸೂಜಿಯ ಮೇಲೆ ಸೂಜಿ ಹಾಕಿದರು, ನಳಿಗೆಗೆ ರಬ್ಬರಿನ ಚೀಲ ಸಿಕ್ಕಿಸಿ ಕೈಯಿಂದ ಒತ್ತತೊಡಗಿದರು. ಒತ್ತಿದರೆ ಎದೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ನಿಲ್ಲಿಸಿದರೆ ಮುಗಿಯಿತು. ಕಾರ್ಖಾನೆಯಿಂದ ಓಡಿಬಂದ ನಮ್ಮನೆಯವರಿಗೂ ಒತ್ತುವುದು ಕಲಿಸಿದರು. ಮೊದಲ ದಿನ ಅವರು ಆ ಚೀಲ ಕೈಬಿಡಲೇ ಇಲ್ಲ. ಊಟ ತಂದರೆ ತಲೆ ಅಲ್ಲಾಡಿಸಿ ಒತ್ತುತ್ತಲೇ ಇದ್ದರು.

ನನ್ನ ಕಣ್ಣಿಗೆ ಆಕೆ ಸತ್ತೇಹೋಗಿದ್ದರು. ರೆಪ್ಪೆ ಮುಚ್ಚಿದೆ, ಬೆರಳು ಅಲುಗುವುದಿಲ್ಲ, ಚಿವುಟಿದರೂ ಹುಬ್ಬು ಸೇರುವುದಿಲ್ಲ. ನಾನು ಮೂಲೆಯಲ್ಲಿ ಕುಳಿತು ಗೋಳಾಡತೊಡಗಿದಾಗ ಡಾಕ್ಟರು ಬಂದು ಗದರಿದರು. ಆಕೆಗೆ ಎಲ್ಲ ಕೇಳಿಸುತ್ತದೆ, ಮೈ ಮಾತ್ರ ಕೇಳುತ್ತಿಲ್ಲ, ಅಳುವುದು ಬಿಟ್ಟು ಏನಾದರೂ ಮಾತಾಡು ಅಂದರು. ಮಾವಶಿ ನನಗೆ ಅದನ್ನು ತಿಳಿಸಿ ಹೇಳಿದಳು. ಆಗ ನನ್ನ ಹೆದರಿಕೆ ಬೇರೆಯಾಯಿತು. ಅಷ್ಟು ದಿನ ಹಾವಿಗೆ ಹೆದರಿದವಳು ಈಗ ನಮ್ಮತ್ತೆಯ ಕಿವಿಗೆ ಹೆದರಿದೆ.

ಎರಡನೆಯ ದಿನ ಮಧ್ಯಾಹ್ನ ನಮ್ಮನೆಯವರನ್ನು ಚಹಾಕ್ಕೆ ಕಳಿಸಿ ಚೀಲ ನಾನು ಹಿಡಿದೆ. ಒತ್ತುತ್ತ, ಬಿಡುತ್ತ, ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ. “ಅತ್ತೀ, ಅದು ಆ ಹಾವಲ್ಲ ಅಂತ ನನಗ ಗೊತ್ತಿತ್ತು. ಗೊತ್ತಿದ್ದು ಹೌದಂದೆ. ನನಗ ನಿದ್ದಿ ಬೇಕಾಗಿತ್ತು ರೀ, ಅದಕ್ಕ ಅಂದೆ. ನಿಮ್ಮನ್ನ ನಾನ ಕೊಂದೆ.” ಅವರ ಮುಚ್ಚಿದ ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಗೆ ಹೋಯಿತು. ಅಳುವೋ, ಕಣ್ಣಿಗೆ ಬಿಟ್ಟ ಔಷಧವೋ ತಿಳಿಯಲಿಲ್ಲ. ನರ್ಸು ಬಂದು ಒರೆಸಿ ಹೋದಳು. ಗಂಡನಿಗೂ ಹೇಳಿದೆ, ಅವತ್ತೇ ಸಂಜೆ. ಅವರು ನನ್ನ ಕೈಯಿಂದ ಚೀಲ ತೆಗೆದುಕೊಂಡು ತಾವೇ ಒತ್ತತೊಡಗಿದರು.

ಮೂರನೆಯ ದಿನ ಒಂದು ಬೆರಳು ಅಲುಗಿತು. ನಾಲ್ಕನೆಯ ದಿನ ರೆಪ್ಪೆ ಕೂದಲೆಳೆಯಷ್ಟು ಎದ್ದವು. ಆಮೇಲೆ ಉಸಿರು ತಾನೇ ಬಂತು, ನಳಿಗೆ ತೆಗೆದರು. ಗಂಟಲು ಸೀಳಿದಂತಾಗಿ ಮತ್ತೆರಡು ದಿನ ಮಾತು ಹೊರಡಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಗಂಜಿ ಕುಡಿಸುತ್ತಿದ್ದೆ, ಅವರು ನನ್ನನ್ನೇ ನೋಡುತ್ತ ಕುಡಿಯುತ್ತಿದ್ದರು. ಆ ನೋಟ ತಪ್ಪಿಸಲು ನಾನು ಬಟ್ಟಲನ್ನೇ ನೋಡುತ್ತಿದ್ದೆ. ಏನು ಅನ್ನುತ್ತಾರೆ? ಇವಳನ್ನು ಮನೆಯಿಂದ ಹೊರಗೆ ಹಾಕು ಎಂದು ಮಗನಿಗೆ ಅನ್ನುತ್ತಾರೆಯೇ? ಅಂದರೂ ಅನ್ನಲಿ, ಸದ್ಯ ಅನ್ನಲಿಕ್ಕೆ ಬಾಯಿ ಬರಲಿ ಎಂದು ಕಾದೆ.

ಒಂದು ಸಂಜೆ ಗಂಜಿಯ ಬಟ್ಟಲು ಕೈಯಿಂದ ಸರಿಸಿದರು. ನನಗೆ ಇನ್ನು ತಡೆಯಲಾಗಲಿಲ್ಲ.

“ಅತ್ತೀ, ನಾ ಕಿವ್ಯಾಗ ಹೇಳಿದ್ದು ಕೇಳಿಸಿತ್ತೇನ್ರಿ?”

“ಕೇಳಿಸ್ತು.” ದನಿ ಒಡೆದಿತ್ತು. ಸ್ವಲ್ಪ ದಮ್ಮು ತೆಗೆದುಕೊಂಡು ಹೇಳಿದರು, “ನೀ ಏನ್ ಹೇಳತಿ ನನಗ? ಹೊಲದಾಗ ಹುಟ್ಟಿ ಹೊಲದಾಗ ಬೆಳದಾಕಿ ನಾ. ಕಟ್ಟಹಾವು ಗ್ವಾಡಿ ಹತ್ತತೈತೇನು? ಅದರ ಕುತಗಿ ಮ್ಯಾಲ ಪಟ್ಟಿ ಇರತಾವೇನು? ಸಲಿಕ್ಯಾಗ ನೋಡಿದ ಕೂಡಲೇ ತಿಳೀತು.”

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಎದ್ದು ನಿಂತೆ. ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ, “ತಿಳದೂ ತಿಳದೂ ನೆಲದ ಮ್ಯಾಲ ಯಾಕ ಮಲಗಿದ್ರಿ? ತಲಿ ಕೆಟ್ಟಿತ್ತೇನ್ರಿ ನಿಮಗ?”

ಅವರ ರೆಪ್ಪೆ ಇನ್ನೂ ಪೂರ್ತಿ ಏಳುತ್ತಿರಲಿಲ್ಲ. ಆ ಅರ್ಧ ಕಣ್ಣಿನಿಂದಲೇ ನನ್ನನ್ನು ನೋಡಿದರು.

“ನಾ ಮಲಗದಿದ್ರ ನೀ ಮಲಗತಿದ್ದೇನು?”